ಪಥ್ಯ ಬಿಡಿಸಿದ ವೈದ್ಯ

"ಸಾಯುವವರಿಗೆ ಒಂದು ಸಣ್ಣ ಸುಳ್ಳು ಹೇಳಿದರೆ ತಪ್ಪೇನು ಮೇಡಂ?" ಎಂದು ರುದ್ರಮುನಿ ಕೇಳಿದ.

ಅವನು ಹಳ್ಳಿಯ ಸರ್ಕಾರಿ ಆಸ್ಪತ್ರೆಯ ವೈದ್ಯ. ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೆ ನೋಡಿಕೊಳ್ಳುವುದು ಹೇಗೆಂದು ಕಲಿಯಲು ಹಿರಿಯ ವೈದ್ಯೆ ಅಂಬುಜಾಕ್ಷಿ ಮೇಡಂ ಬಳಿಗೆ ಬಂದಿದ್ದ. ಅವನ ಊರಿನಲ್ಲಿ ಒಬ್ಬ ಮೇಷ್ಟ್ರು ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು. ಇನ್ನೆರಡು ತಿಂಗಳಲ್ಲಿ ಎದ್ದು ಓಡಾಡುತ್ತೀರಿ ಎಂದು ಹೋದ ವಾರ ಅವರಿಗೆ ಹೇಳಿ ಬಂದಿದ್ದ. ನಿಜ ಹೇಳಲು ಹೋದರೆ ತನ್ನ ಕೈಕಾಲು ತಣ್ಣಗಾಗುತ್ತವೆ ಎಂದ.

"ಹೆದರಿಕೆ ಯಾರಿಗಿಲ್ಲವಯ್ಯಾ? ನಾನೂ ಹೆದರಿದವಳೇ. ಇದನ್ನು ಕೇಳು, ನಡುವೆ ಬಾಯಿ ಹಾಕಬೇಡ" ಎಂದು ಮೇಡಂ ಶುರು ಮಾಡಿದರು.

ಒಬ್ಬ ವೈದ್ಯನಿದ್ದ. ಕೈಗುಣ ಒಳ್ಳೆಯದೆಂದು ಹೆಸರು ಮಾಡಿದವನು. ಅವನ ಬಳಿಗೆ ಒಬ್ಬ ಬಡಗಿ ಎಂಟು ವರ್ಷದಿಂದ ಬರುತ್ತಿದ್ದ. ಬಡಗಿಯ ಹೃದಯಕ್ಕೆ ಬಲವಿರಲಿಲ್ಲ. ಉಪ್ಪು ತಿಂದರೆ ಕಾಲು ಊದುತ್ತಿತ್ತು, ಉಸಿರು ಕಟ್ಟುತ್ತಿತ್ತು. ಅದಕ್ಕೇ ವೈದ್ಯ ಪಥ್ಯ ಹೇಳಿದ್ದ. ಉಪ್ಪಿನಕಾಯಿ ಕೂಡದು, ಹಪ್ಪಳ ಕೂಡದು, ಸಾರು ಕೂಡ ಸಪ್ಪೆ. ಬಡಗಿಗೋ ಉಪ್ಪಿನಕಾಯಿ ಅಂದರೆ ಪ್ರಾಣ. ಕದ್ದು ತಿನ್ನುವನು, ಕಾಲು ಊದಿಸಿಕೊಂಡು ಬರುವನು, ವೈದ್ಯನ ಕೈಲಿ ಚೆನ್ನಾಗಿ ಬೈಸಿಕೊಳ್ಳುವನು. ಬೈಸಿಕೊಂಡು ನಗುತ್ತಾ ಮನೆಗೆ ಹೋಗುವನು.

ಒಂದು ದಿನ ದೊಡ್ಡಾಸ್ಪತ್ರೆಯಿಂದ ಚೀಟಿ ಬಂತು. ಹೃದಯ ಪೂರ್ತಿ ಸೋತಿದೆ, ಇನ್ನು ಹೆಚ್ಚೆಂದರೆ ಒಂದೆರಡು ತಿಂಗಳು ಎಂದು ಅದರಲ್ಲಿತ್ತು. ಗಂಡ ಹೆಂಡತಿ ಇಬ್ಬರೂ ಎದುರಿಗೆ ಕೂತಿದ್ದಾರೆ. ವೈದ್ಯನಿಗೆ ಹೆದರಿಕೆಯಾಯಿತು. ಹೆಂಗಸು ಅತ್ತರೆ ಏನು ಮಾಡಲಿ? ಗಂಡಸು ಕುಸಿದರೆ ಏನು ಮಾಡಲಿ? ಎಂಟು ವರ್ಷ ನೋಡಿ ಇಷ್ಟೇನಾ ಅಂದರೆ ಮುಖ ಎಲ್ಲಿಡಲಿ? ಚೀಟಿಯನ್ನು ಮಡಚಿಟ್ಟು ನಕ್ಕ. "ಇನ್ನು ಮೇಲೆ ಪಥ್ಯ ಬೇಡಮ್ಮ. ನಿಮ್ಮ ಯಜಮಾನರಿಗೆ ಏನಿಷ್ಟವೋ ಅದನ್ನು ಮಾಡಿಕೊಡಿ" ಎಂದ. ಭಲೇ ಜಾಣ! ಸುಳ್ಳೂ ಹೇಳಲಿಲ್ಲ, ನಿಜವೂ ಹೇಳಲಿಲ್ಲ, ತಪ್ಪಿಸಿಕೊಂಡೆ ಎಂದುಕೊಂಡ.

ಹೆಂಡತಿ ಹಿಗ್ಗಿಹೋದಳು. ಗಂಡನಿಗೆ ವಾಸಿಯಾಯಿತು, ಪಥ್ಯ ಬಿಡಿಸಿದರು ಎಂದು ಬೀದಿಗೆಲ್ಲ ಹೇಳಿದಳು. ಆವತ್ತೇ ಮಾವಿನಕಾಯಿ ತಂದು, ಹೆಚ್ಚಿ, ಉಪ್ಪು ಖಾರ ಕಲಸಿದಳು. ಬಡಗಿಗೆ ಮಾತ್ರ ಆ ಮಾತಿನ ಅರ್ಥ ಗೊತ್ತಿತ್ತು. ಅವನ ಅಪ್ಪನನ್ನೂ, ಇಷ್ಟವಾದದ್ದನ್ನು ತಿನ್ನಿಸಿ ಎಂದು ಹೇಳಿಯೇ ಆಸ್ಪತ್ರೆಯಿಂದ ಕಳಿಸಿದ್ದರು. ಅಪ್ಪ ಒಂಬತ್ತು ದಿನ ಬದುಕಿದ್ದ. ತಟ್ಟೆಗೆ ಉಪ್ಪಿನಕಾಯಿ ಬಿದ್ದಾಗ ಬಡಗಿ ಅದನ್ನು ಅಂಚಿಗೆ ಸರಿಸಿದ. ತಿನ್ನಲಾಗಲಿಲ್ಲ. ಮರುದಿನ ಅನ್ನವೂ ಸೇರಲಿಲ್ಲ. ಹೇಳಿಕೊಳ್ಳೋಣವೆಂದರೆ ಹೆಂಡತಿ ಅಷ್ಟು ಸಂತೋಷದಲ್ಲಿದ್ದಾಳೆ. ಹೆದರಿಕೆಯನ್ನೆಲ್ಲ ಒಬ್ಬನೇ ನುಂಗಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ.

ನಾಲ್ಕನೆಯ ದಿನ ಹೆಂಡತಿ ವೈದ್ಯನನ್ನು ಮನೆಗೇ ಕರೆತಂದಳು. ಏನು ಮಾಡಿಹಾಕಿದರೂ ಬಾಯಿಗಿಡುತ್ತಿಲ್ಲ, ನೀವೇ ಸ್ವಲ್ಪ ಗದರಿಸಿ ಎಂದು ಹೇಳಿ ಕಾಫಿ ಮಾಡಲು ಒಳಗೆ ಹೋದಳು. ಬಡಗಿ ವೈದ್ಯನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಉಪ್ಪು ತಿನ್ನಬೇಡ ಅಂತ ಮೊದಲಿನ ಹಾಗೆ ಬೈಯಿರಿ ಡಾಕ್ಟ್ರೇ. ನಿಮ್ಮ ದಮ್ಮಯ್ಯ ಅಂತೀನಿ."

ಅಯ್ಯೋ ಪುಣ್ಯಾತ್ಮ ವೈದ್ಯ, ಮಾತು ತೆಗೆಯಲು ಇನ್ನೇನು ಬೇಕಿತ್ತು! ಹೆದರಿಕೆಯಾಗಿದೆಯಾ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಉಸಿರು ಕಟ್ಟಿದಾಗ ಸಂಕಟ ಇಳಿಸುವ ಮದ್ದು ವೈದ್ಯನ ಚೀಲದಲ್ಲೇ ಇತ್ತು. ಆದರೆ ಅದನ್ನು ಕೊಟ್ಟರೆ ಯಾಕೆಂದು ಹೇಳಬೇಕಲ್ಲ? ಚೀಲ ಬಿಚ್ಚಲೇ ಇಲ್ಲ. "ಉಪ್ಪು ಮುಟ್ಟಿದರೆ ನೋಡು ಮತ್ತೆ!" ಎಂದು ಗದರಿದ. ಬಡಗಿಯ ಮುಖಕ್ಕೆ ಕಳೆ ಬಂತು. ಆವತ್ತು ಎರಡು ಬಟ್ಟಲು ಸಪ್ಪೆ ಗಂಜಿ ಕುಡಿದ.

ಆದರೆ ಆ ಗದರಿಕೆ ಒಳಗೆ ಕೇಳಿಸಿ ಹೆಂಡತಿಗೆ ದಿಗಿಲಾಯಿತು. ಬಿಡಿಸಿದ ಪಥ್ಯವನ್ನು ಮತ್ತೆ ಹಾಕಿದ್ದೇಕೆ, ಕಾಯಿಲೆ ತಿರುಗಿ ಬಂತಾ ಎಂದು ಬಾಗಿಲಲ್ಲಿ ಅಡ್ಡ ನಿಂತು ಕೇಳಿದಳು. ಏನಿಲ್ಲಮ್ಮ, ಸುಮ್ಮನೆ ಎಂದು ವೈದ್ಯ ಚಪ್ಪಲಿ ಮೆಟ್ಟಿದ. ಆಮೇಲೆ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟ.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಬಡಗಿಗೆ ಉಸಿರು ಕಟ್ಟಿತು. ಆಗ ಏನು ಮಾಡಬೇಕೆಂದು ಆ ಹೆಂಗಸಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಟೋ ಹುಡುಕಿಕೊಂಡು ಬೀದಿಗೆ ಓಡಿದಳು. ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯ ಗಳಿಗೆಯಲ್ಲಿ ಅವನ ಪಕ್ಕದಲ್ಲಿ ಒಬ್ಬರೂ ಇರಲಿಲ್ಲ.

ತಿಥಿ ಮುಗಿದ ಮೇಲೆ ಅವಳು ವೈದ್ಯನ ಬಳಿಗೆ ಬಂದಳು. ಜಗಳಕ್ಕೇ ಬಂದಳೆಂದು ವೈದ್ಯ ಎದ್ದು ನಿಂತ. ಅವಳು ಜಗಳವಾಡಲಿಲ್ಲ, ಕೈ ಮುಗಿದಳು.

"ಹೋಗುವುದಕ್ಕೆ ಎರಡು ದಿನ ಮುಂಚೆ ಒಂದೇ ಒಂದು ಚೂರು ಉಪ್ಪಿನಕಾಯಿ ಕೇಳಿದರು ಡಾಕ್ಟ್ರೇ. ಕಣ್ಣಲ್ಲಿ ನೀರು ಹಾಕಿಕೊಂಡು ಕೇಳಿದರು. ನೀವು ಬೇಡ ಅಂದಿದ್ದಿರಲ್ಲ, ಎಷ್ಟು ಬೇಡಿಕೊಂಡರೂ ನಾನು ಕೊಡಲಿಲ್ಲ. ಸರಿಯಾಗೇ ಮಾಡಿದೆ, ಅಲ್ವಾ?"

ಮೇಡಂ ಅಷ್ಟಕ್ಕೆ ನಿಲ್ಲಿಸಿದರು. ರುದ್ರಮುನಿ ತಡೆಯಲಾರದೆ ಕೇಳಿದ.

"ಅದಕ್ಕೆ ವೈದ್ಯ ಏನು ಹೇಳಿದ ಮೇಡಂ?"

"ಅವನಿಗೆ ಹೇಳಲು ಏನೂ ಉಳಿದಿರಲಿಲ್ಲ, ನಿನ್ನ ಮೇಷ್ಟ್ರು ಇನ್ನೂ ಇದ್ದಾರೆ, ಎದ್ದು ಹೋಗು."