ಗಾಣಿಗನ ಹಗ್ಗದ ನಾಲ್ಕು ಗಂಟು

"ಗುರುಗಳೇ, ನಾನು ಯಾರ ದುಡ್ಡನ್ನೂ ನುಂಗಿದವನಲ್ಲ. ಯಾವುದು ಅಗ್ಗ ನೋಡೋಣ ಎಂದು ಒಂದೇ ವಾರದಲ್ಲಿ ನಾಲ್ಕು ಬ್ಯಾಂಕಿಗೆ ಕ್ರೆಡಿಟ್ ಕಾರ್ಡಿನ ಅರ್ಜಿ ಹಾಕಿದೆ, ಅಷ್ಟೇ. ಒಂದೊಂದು ಬ್ಯಾಂಕು ವಿಚಾರಿಸಿದಾಗಲೂ ನನ್ನ ಕ್ರೆಡಿಟ್ ಸ್ಕೋರ್, ಅಂದರೆ ಸಾಲಕ್ಕೆ ನಂಬಬಹುದೇ ಎಂದು ಹೇಳುವ ಅಂಕ, ಇಳಿಯಿತು. ಈಗ ಗಿರಣಿಗೆ ಹೊಸ ಯಂತ್ರ ತರಲು ಸಾಲ ಕೇಳಿದರೆ ಆಗುವುದಿಲ್ಲ ಅನ್ನುತ್ತಾರೆ. ಕೇಳುವುದೂ ಅಪರಾಧವೇ?"

ಹೀಗೆ ಕೇಳಿದವನು ಚನ್ನವೀರ. ಹಿಟ್ಟಿನ ಗಿರಣಿ ನಡೆಸುವವನು, ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುವವನು. ಸಿಟ್ಟಿನಿಂದ ಅವನ ಮಾತು ತೊದಲುತ್ತಿತ್ತು. ಗುರುಗಳು "ಕೂತುಕೋ. ಈ ವಿಷಯದಲ್ಲಿ ನನಗೂ ಸಿಟ್ಟಿದೆ" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಎಳ್ಳಿನ ಸುಗ್ಗಿಯ ಹೊತ್ತಿಗೇ ಅವನ ಎತ್ತು ಸತ್ತಿತು. ಹದಿನೈದು ದಿನದೊಳಗೆ ಗಾಣ ತಿರುಗದಿದ್ದರೆ ಎಳ್ಳು ತಂದವರೆಲ್ಲ ಪಕ್ಕದೂರಿಗೆ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಎತ್ತು ಕಡ ಕೇಳದೆ ವಿಧಿಯಿರಲಿಲ್ಲ.

ಆ ಊರಲ್ಲೊಂದು ಕಟ್ಟಳೆ. ಹಿಂದೆ ಯಾವನೋ ಒಬ್ಬ ನಾಲ್ಕು ಮನೆಯ ಎತ್ತು ಕಡ ತಂದು, ನಾಲ್ಕನ್ನೂ ಹೊಡೆದುಕೊಂಡು ಹೊಳೆ ದಾಟಿದ್ದನಂತೆ. ಅಂದಿನಿಂದ ಚಾವಡಿಯಲ್ಲಿ ಮನೆಗೊಂದು ಹಗ್ಗ. ಯಾರಾದರೂ ಎತ್ತು ಕೇಳಿದರೆ, ಎತ್ತಿನ ಒಡೆಯ ಬಂದು ಕೇಳಿದವನ ಹಗ್ಗ ನೋಡುತ್ತಾನೆ. ನೋಡಿದಾಗಲೆಲ್ಲ ಚಾವಡಿಯವನು ಅದಕ್ಕೊಂದು ಗಂಟು ಹಾಕುತ್ತಾನೆ. ಎರಡು ಸುಗ್ಗಿ ಕಳೆದ ಮೇಲೆ ಬಿಚ್ಚುತ್ತಾನೆ. ಒಬ್ಬ ಕಳ್ಳನ ದೆಸೆಯಿಂದ ಊರಿಗೆಲ್ಲ ಹಗ್ಗ!

ಗಾಣಿಗ ಎಚ್ಚರದ ಮನುಷ್ಯ. ಎಲ್ಲ ಎತ್ತೂ ಗಾಣಕ್ಕೆ ಒಗ್ಗುವುದಿಲ್ಲ. ನಾಲ್ಕು ಸುತ್ತಿಗೇ ಮಲಗಿಬಿಡುವವೂ ಇವೆ. ನೋಡಿ ಆರಿಸೋಣ ಎಂದು ಒಂದೇ ದಿನ ನಾಲ್ಕು ಮನೆಗೆ ಹೋದ. ಮೊದಲನೆಯವನು ಹಗ್ಗ ನೋಡಿ ಬಂದು, ಎತ್ತು ಕೊಡುತ್ತೇನೆ ಅಂದ. "ಉಳಿದವನ್ನೂ ನೋಡಿ ಬರುತ್ತೇನೆ" ಎಂದ ಗಾಣಿಗ. ನಾಲ್ಕನೆಯವನು ನೋಡುವ ಹೊತ್ತಿಗೆ ಹಗ್ಗದಲ್ಲಿ ಮೂರು ಗಂಟಿದ್ದವು. "ಮೂರು ಮನೆಯವರು ಓಡಿಸಿದ ಮೇಲೆ ನಾನೇ ಸಿಕ್ಕಿದೆನೇ?" ಎಂದು ಅವನು ಬಾಗಿಲು ಹಾಕಿಕೊಂಡ. ಗಾಣಿಗ ಮೊದಲ ಮನೆಗೆ ಓಡಿ ಬಂದ. ಗಂಟಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅವನೂ ಇಲ್ಲವೆಂದ, ಉಳಿದಿಬ್ಬರೂ ಇಲ್ಲವೆಂದರು.

ಗಾಣಿಗ ಚಾವಡಿಗೆ ಬಂದು ಕೂಗಾಡಿದ. "ಮೂರು ವರ್ಷದ ಹಿಂದೆ ಕಡ ತಂದ ಎತ್ತನ್ನು ಮೈ ತುಂಬಿಸಿ ಮರಳಿಸಿದೆ. ಅದಕ್ಕೆ ಗುರುತಿಲ್ಲವೇ?"

"ಇದೆಯಪ್ಪ, ಇಗೋ ಬಿಳಿ ದಾರ ಕಟ್ಟಿದ್ದೇನೆ" ಎಂದ ಚಾವಡಿಯವನು. "ಅವಸರದಲ್ಲಿ ನೋಡುವವರ ಕಣ್ಣಿಗೆ ಗಂಟೇ ಬೀಳುತ್ತದೆ, ನಾನೇನು ಮಾಡಲಿ?"

ಗಾಣಿಗನೂ ಅವನ ಹೆಂಡತಿಯೂ ನೊಗಕ್ಕೆ ಹೆಗಲು ಕೊಟ್ಟರು. ಹದಿನೈದು ದಿನ ಅವರು ಗಾಣ ಸುತ್ತಿದರು. ಹದಿನೈದು ದಿನ ನಾಲ್ಕು ಮನೆಯ ಎತ್ತುಗಳು ಮೆಲುಕು ಹಾಕುತ್ತ ಮಲಗಿದ್ದವು.

ಆಮೇಲೊಂದು ದಿನ ನಾಲ್ಕನೆಯ ಮನೆಯವನು ಎಣ್ಣೆಗೆ ಬಂದ. ಬೆರಳದ್ದಿ ಮೂಸಿದ. "ಮೂರು ಗಾಣದಲ್ಲಿ ನೋಡಿಯೇ ಬಂದೆ. ನಿನ್ನದೇ ವಾಸಿ" ಎಂದು ಹೆಮ್ಮೆಯಿಂದ ಹೇಳಿದ. ಹೆಗಲಿನ ಚರ್ಮ ಸುಲಿದಿದ್ದ ಗಾಣಿಗ ಎಣ್ಣೆ ಅಳೆದುಕೊಟ್ಟ.

ಇಲ್ಲಿಗೆ ಬಂದಾಗ ಗುರುಗಳ ದನಿ ಏರಿತು. "ಕೊಳ್ಳುವವನು ನಾಲ್ಕು ಕಡೆ ನೋಡಿದರೆ ಜಾಣ. ಕಡ ಕೇಳುವವನು ನೋಡಿದರೆ ಕಳ್ಳ. ಇದು ಯಾವ ನ್ಯಾಯವಯ್ಯಾ?"

ಚನ್ನವೀರ ನೆಲ ಗುದ್ದಿದ. "ಆ ನಾಲ್ಕನೆಯ ಮನೆಯವನಿಗೆ ನಾಚಿಕೆಯಾಗಬೇಕು!"

ಗುರುಗಳು ಅವನನ್ನೇ ನೋಡಿದರು.

"ಹೋದ ತಿಂಗಳು ಮಹಡಿ ಬಾಡಿಗೆಗೆ ಕೇಳಿ ಬಂದ ಹೊಲಿಗೆಯ ರುದ್ರವ್ವನನ್ನು, 'ಆಗಲೇ ಮೂರು ಮನೆ ಕೇಳಿದ್ದಾಳಂತೆ, ಏನೋ ಇದೆ' ಎಂದು ನೀನು ಹಿಂದಕ್ಕೆ ಕಳಿಸಿದೆಯಲ್ಲ, ಅವಳಿಗೆ ಮನೆ ಸಿಕ್ಕಿತೇ?"