ಉರಿ ತಗ್ಗಿಸಿದ ಪಾತರಗಿತ್ತಿ

"ಕೇಳಿರಪ್ಪೋ ಕೇಳಿ! ಕಣಿವೆದುರ್ಗದ ದೊರೆಗೆ ಕಾಡುಹಂದಿ ತಿವಿದ ಗಾಯ ಕೀವಾಗಿ, ಮೈ ತಣ್ಣಗಾಗಿ, ಮಾತು ನಿಂತಿದೆ. ರಾಜಕುಮಾರಿ ಸಿರಿಯಾಂಬೆಯವರ ಮೂರು ಒಗಟು ಬಿಡಿಸಿದವನ ಕೈಗೆ ದೊರೆಯ ಆರೈಕೆ. ದೊರೆ ಉಳಿದರೆ ಅರ್ಧ ರಾಜ್ಯ, ಜೊತೆಗೆ ರಾಜಕುಮಾರಿಯ ಕೈ. ತಪ್ಪು ಹೇಳಿದವನ ತಲೆ ಕೋಟೆಬಾಗಿಲಿಗೆ!"

ಊರೊಳಗೆ ಎದೆ ಸೆಟೆಸಿ ಡಂಗುರ ಹೊಡೆದವನು ಊರಾಚೆಯ ರೋಗಿಗಳ ಕೊಟ್ಟಿಗೆಯ ಹತ್ತಿರ ಬಂದಾಗ ಮೂಗಿಗೆ ಬಟ್ಟೆ ಹಿಡಿದು, ದೂರದಿಂದಲೇ ಕೂಗಿ ಓಟ ಕಿತ್ತ. ಆ ಕೊಟ್ಟಿಗೆ ನೋಡಿಕೊಳ್ಳುವವನು ಹುಲುಗ ಒಬ್ಬನೇ. ಮನೆಯವರು ಕೈಬಿಟ್ಟವರನ್ನು ಗಾಡಿಯಲ್ಲಿ ತಂದು ಇಳಿಸಿ ಹೋಗುತ್ತಿದ್ದರು. ಹುಲುಗ ಅವರ ಬಾಯಿಗೆ ನೀರು ಬಿಟ್ಟು, ಮೈ ಒರೆಸಿ, ಪಕ್ಕದಲ್ಲಿ ಕೂರುತ್ತಿದ್ದ. ಸತ್ತವರು ಸತ್ತರು. ಬದುಕಿದವರೂ ಅಷ್ಟೇ, ಕಾಲು ಊರಲು ಬಂದ ಕೂಡಲೇ ಹೊರಟುಬಿಡುತ್ತಿದ್ದರು. ಆಮೇಲೆ ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಅವನ ಜೊತೆ ನಿಂತು ಮಾತಾಡುವ ನರಪಿಳ್ಳೆ ಆ ಸೀಮೆಯಲ್ಲಿರಲಿಲ್ಲ. ಬಾಯಿ ತುರಿಸಿದರೆ ಪ್ರಜ್ಞೆಯಿಲ್ಲದವರ ಹತ್ತಿರವೇ ಮಾತಾಡಿಕೊಳ್ಳುತ್ತಿದ್ದ.

ಅಂದು ಕೊಟ್ಟಿಗೆ ಖಾಲಿಯಿತ್ತು. 'ದೊರೆಯಾದರೇನು, ಪಕ್ಕದಲ್ಲಿ ಒಬ್ಬರು ಕೂರಬೇಕಲ್ಲ' ಅಂದುಕೊಂಡು ಹೊರಟ.

ಅರಮನೆಯಲ್ಲಿ ಜನ ಕಿಕ್ಕಿರಿದಿದ್ದರು. ಹುಲುಗ ಒಳಗೆ ಬಂದದ್ದೇ ತಡ, ಅವನ ಸುತ್ತ ಒಕ್ಕಣೆಯ ಕಣದಷ್ಟು ಜಾಗ ತಾನಾಗಿ ಖಾಲಿಯಾಯಿತು.

ಸಿರಿಯಾಂಬೆ ಮೊದಲ ಒಗಟು ಒಡ್ಡಿದಳು. "ಕೋಟೆಗೆ ಮುತ್ತಿಗೆ ಬಿದ್ದಿದೆ. ಹೆಬ್ಬಾಗಿಲ ಕೆಳಗೆ ರೆಕ್ಕೆ ಬಿಚ್ಚಿ ಕೂತ ಪಾತರಗಿತ್ತಿಯೊಂದು ಒಳಗಿನ ಒಲೆಗಳಿಗೆಲ್ಲ ಉರಿ ಹಂಚುತ್ತಿತ್ತು. ಮುತ್ತಿಗೆ ಬಿದ್ದದ್ದೇ ಉರಿ ತಗ್ಗಿತು. ಕೋಟೆ ಯಾವುದು? ಪಾತರಗಿತ್ತಿ ಯಾವುದು? ಉರಿ ತಗ್ಗಿದ್ದೇಕೆ?"

ನೆರೆರಾಜ್ಯದ ರಾಜಕುಮಾರ ರಣಭೈರವ ಮೀಸೆ ತಿರುವಿ ಎದ್ದ. "ಇದೂ ಒಂದು ಒಗಟೇ! ಶತ್ರುವಿಗೆ ಮಾರಿಕೊಂಡ ದ್ರೋಹಿ ಹೆಣ್ಣು ಆ ಪಾತರಗಿತ್ತಿ. ತಲೆ ಕಡಿಯಿರಿ!"

"ಕಡಿಯುತ್ತೇವೆ," ಅಂದಳು ಸಿರಿಯಾಂಬೆ. ಕಡಿದದ್ದು ಅವನದೇ.

ಆಮೇಲೆ ತ್ರಿಮಲ್ಲ ಪಂಡಿತ ಎದ್ದ. "ಕೋಟೆ ರೋಗಿಯ ಮೈ. ಪಾತರಗಿತ್ತಿ ಗಂಟಲ ಬುಡದಲ್ಲಿ ರೆಕ್ಕೆ ಬಿಚ್ಚಿದಂತಿರುವ ಗ್ರಂಥಿ." ಈಗಿನ ಡಾಕ್ಟರು ಥೈರಾಯ್ಡ್ ಅನ್ನುತ್ತಾರಲ್ಲ, ಅದೇ. "ಆ ಗ್ರಂಥಿ ಕೆಟ್ಟಿದೆ, ಆದ್ದರಿಂದ ಉರಿ ತಗ್ಗಿದೆ. ನನ್ನ ಉರಿಮದ್ದು ಸುರಿಯಿರಿ, ದೊರೆ ಎದ್ದು ಕುಣಿಯುತ್ತಾರೆ."

ಉತ್ತರ ಅರ್ಧ ಸರಿ. ಹಾಗಾಗಿ ತಲೆ ಬಿಟ್ಟು ಜುಟ್ಟು ಕತ್ತರಿಸಿದರು. ಉಳಿದವರೆಲ್ಲ ನೆಲ ನೋಡತೊಡಗಿದರು.

"ತಾಯೀ, ನಾನು ಹೇಳಲಾ?" ಅಂದ ಹುಲುಗ.

"ಯಾರೋ ಅದು, ಕೊಟ್ಟಿಗೆಯವನಾ? ನಿನ್ನ ಕುತ್ತಿಗೆಗೂ ಭಾರವಾಯಿತೇನೋ ತಲೆ?" ಯಾರೋ ಕಿಸಕ್ಕೆಂದರು.

"ಗ್ರಂಥಿ ಯಾವುದು ಅಂತ ಪಂಡಿತರೇ ಹೇಳಿದರು. ಆದರೆ ಅದು ಕೆಟ್ಟಿಲ್ಲ, ತಾಯೀ. ಮುತ್ತಿಗೆ ಬಿದ್ದರೆ ಸೌದೆ ಉಳಿಸಬೇಕಲ್ಲ? ಜ್ವರವಾಗಲಿ, ಗಾಯವಾಗಲಿ, ರೋಗ ಜೀವದವರೆಗೂ ಬಂದರೆ ಮೈ ತಾನೇ ಉರಿ ಇಳಿಸುತ್ತೆ."

ಸಿರಿಯಾಂಬೆ ಸರಿಯೆಂದು ತಲೆಯಾಡಿಸಿದಳು. "ಎರಡನೆಯದು. ನಾಲ್ಕು ಮಣಿ ತೊಟ್ಟ ಅವ್ವ. ಒಂದು ಕಡೆಯ ಮಣಿ ಕಳಚಿದರೆ ಒಬ್ಬ ಮಗಳು, ಇನ್ನೊಂದು ಕಡೆಯದು ಕಳಚಿದರೆ ಮತ್ತೊಬ್ಬಳು. ಇಬ್ಬರಿಗೂ ಮೂರೇ ಮಣಿ, ಒಂದೇ ಮುಖ. ಒಬ್ಬಳು ಊದಿದರೆ ಒಲೆ ಭುಗಿಲೆನ್ನುತ್ತದೆ. ಇನ್ನೊಬ್ಬಳು ಊದಿದರೆ ಬೂದಿಯೂ ಹಾರದು. ಮುತ್ತಿಗೆಯಲ್ಲಿ ಈ ಎರಡನೆಯವಳೇ ಯಾಕೆ ಹೆಚ್ಚುತ್ತಾಳೆ?"

ಹುಲುಗ ಮೊದಲನೆಯದರ ಎಳೆಯನ್ನೇ ಹಿಡಿದ. "ಅವ್ವ ಅಂದರೆ ಆ ಗ್ರಂಥಿ ಕಳಿಸೋ ರಸ." ಈಗಿನ ಡಾಕ್ಟರ ಲೆಕ್ಕದಲ್ಲಿ ಮಣಿ ಅಂದರೆ ಆ ರಸದೊಳಗಿನ ಅಯೋಡಿನ್. "ಮೈ ಅದರ ಒಂದು ಮಣಿ ಕಳಚಿ ಉರಿಸೋ ಮಗಳನ್ನ ಮಾಡ್ಕೊಳ್ಳುತ್ತೆ. ಉರಿ ಬೇಡದಾಗ ಬಂದ ಅವ್ವನನ್ನ ವಾಪಸ್ ಕಳಿಸೋಕಾಗುತ್ತಾ? ಬೇರೆ ಮಣಿ ಕಳಚಿ, ಸುಮ್ಮನೆ ಕೂರೋ ಮಗಳನ್ನ ಮಾಡಿಬಿಡುತ್ತೆ."

ಸಭೆಯಲ್ಲಿ ಕಿಸಕ್ಕೆನ್ನುವುದು ನಿಂತಿತು.

"ಮೂರನೆಯದು." ಅವಳು ಅಪ್ಪನ ಕೋಣೆಯತ್ತ ನೋಡಿದಳು. "ಗೋಪುರದ ಮೇಲೊಬ್ಬ ಕಾವಲುಗಾರ. ಒಲೆ ಆರಿದರೆ ಕಹಳೆ ಊದಿ ಪಾತರಗಿತ್ತಿಯನ್ನು ಎಬ್ಬಿಸುವುದು ಅವನ ಕೆಲಸ. ಈಗ ಒಲೆ ಆರುತ್ತಿದೆ, ಕಹಳೆ ಕೇಳುತ್ತಿಲ್ಲ. ಅವನು ನಿದ್ದೆಹೋದನೋ, ಬೇಕೆಂದೇ ಸುಮ್ಮನಿದ್ದಾನೋ? ಒಲೆಗೆ ನಾವೇ ಎಣ್ಣೆ ಸುರಿಯೋಣವೋ, ಬೇಡವೋ?"

ಹುಲುಗ ತಲೆ ಕಡಿಯುವ ಕಟುಕನತ್ತ ಒಮ್ಮೆ ನೋಡಿದ. ಕಟುಕ ಕತ್ತಿ ಒರೆಸಿಕೊಂಡ.

"ಕಾವಲುಗಾರ ತಲೆಯೊಳಗಿರೋ ಇನ್ನೊಂದು ಗ್ರಂಥಿ. ಅವನು ನಿದ್ದೆಹೋದನೋ, ಬೇಕಂತಲೇ ಸುಮ್ಮನಿದ್ದಾನೋ, ಅದು ನನಗೆ ಗೊತ್ತಿಲ್ಲ, ತಾಯೀ. ಕಂಡಿದ್ದು ಹೇಳ್ತೀನಿ. ಉರಿಮದ್ದು ಕುಡಿದು ಕೊಟ್ಟಿಗೆಗೆ ಬಂದವರ ಎದೆ ಕುದುರೆ ಹಾಗೆ ಓಡ್ತಿತ್ತು. ಆ ಮದ್ದಿನಿಂದ ಹೆಚ್ಚು ಜನ ಬದುಕಿದ್ದೇನೂ ಇಲ್ಲ. ಮೊದಲಿಂದ ಗಂಟಲ ಗ್ರಂಥಿಯೇ ಕೆಟ್ಟವರ ಮಾತು ಬೇರೆ. ದೊರೆಗೆ ಅದಿತ್ತಾ?"

"ಇರಲಿಲ್ಲ."

"ಹಾಗಾದರೆ ಮುತ್ತಿಗೆ ಹಾಕಿದವನನ್ನ ಓಡಿಸೋಣ. ಗಾಯ ಬಿಡಿಸಿ ಕೀವು ತೆಗೆಯೋಣ, ಗಂಜಿ ನೀರು ಕೊಡೋಣ. ಬದುಕೋರಲ್ಲಿ ಕಾವಲುಗಾರ ತಾನೇ ಕಹಳೆ ಊದ್ತಾನೆ. ಅಲ್ಲಿತನಕ ಒಲೆಗೆ ಕೈ ಹಾಕೋದು ಬೇಡ."

"ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ," ಅಂದಳು ಸಿರಿಯಾಂಬೆ. "ಒಗಟು ಕಲಿಸಿದ ಅಜ್ಜಿ ಅದನ್ನು ಹೇಳದೆಯೇ ಹೋದಳು. ಅಪ್ಪನ ಮೈಯೇ ಹೇಳಬೇಕು. ಅವರು ಹೋದರೆ ನೀನೂ ಹೋಗುತ್ತೀಯ."

ಹುಲುಗ ದೊರೆಯ ಪಕ್ಕ ಕೂತ. ಗಾಯ ತೊಳೆದ, ಹನಿ ಹನಿಯಾಗಿ ಗಂಜಿ ಬಿಟ್ಟ. ಬಾಗಿಲಲ್ಲಿ ಕಟುಕ ನಿಂತಿದ್ದ. ಮಂತ್ರಿಗಳು ಇಣುಕಿ, "ಏನೂ ಮಾಡ್ತಿಲ್ಲವಲ್ಲೋ ಇವನು!" ಎಂದು ಹಲ್ಲು ಕಡಿದು ಹೋಗುತ್ತಿದ್ದರು. ದಿನಗಳು ಜಾರಿದವು. ದೊರೆಯ ಪಾದ ಕಲ್ಲಿನಂತೆ ತಣ್ಣಗೇ ಇತ್ತು. ಹುಲುಗ ತನ್ನ ಕುತ್ತಿಗೆ ಸವರಿಕೊಂಡ. ಇಷ್ಟು ದೊಡ್ಡ ಮನೆಯಲ್ಲೂ ಕೊಟ್ಟಿಗೆಯಷ್ಟೇ ಮೌನ. "ಬುದ್ಧೀ, ನಾವಿಬ್ಬರೇ," ಎಂದು ಶುರುಮಾಡಿ ಮಳೆ, ಬೆಳೆ, ತೀರಿಹೋದ ತನ್ನವ್ವ, ಎಲ್ಲವನ್ನೂ ಹೇಳಿಕೊಂಡ.

ಒಂದು ಮಧ್ಯಾಹ್ನ ದೊರೆಯ ಪಾದ ಬೆಚ್ಚಗಾಯಿತು. ಮೈ ಅಲುಗಿತು. ಕಣ್ಣು ತೆರೆಯಿತು.

"ಯಾರೋ ನೀನು? ಎಷ್ಟು ಗೊಣಗುತ್ತೀಯೋ ಮಾರಾಯ! ಹೊಟ್ಟೆ ಹಸಿದಿದೆ."

ಹುಲುಗ ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತ. ಅವನ ಸುಖದುಃಖದ ಮಾತನ್ನು ಕೇಳಿಸಿಕೊಂಡ ಮೊದಲ ಮನುಷ್ಯ ದೊರೆಯೇ.

ತುಂಬಿದ ಸಭೆಯಲ್ಲಿ ಸಿರಿಯಾಂಬೆ ಅರ್ಧ ರಾಜ್ಯದ ಮುದ್ರೆಯನ್ನು ಅವನ ಮುಂದಿಟ್ಟು, ತನ್ನ ಕೈ ಚಾಚಿದಳು. ಆರೋಗ್ಯವಂತರು ಯಾರೂ ಅವನಿಗೆ ಕೈ ಚಾಚಿದ್ದಿಲ್ಲ. ಏನು ಮಾಡಬೇಕೆಂದು ತೋಚದೆ, ಅವಳ ಮಣಿಕಟ್ಟಿಗೆ ಮೂರು ಬೆರಳಿಟ್ಟ.

"ನಾಡಿ ನೋಡುತ್ತಿದ್ದೀಯಾ?"

"ಜೋರಾಗಿ ಓಡ್ತಿದೆ, ತಾಯೀ."

"ಓಡಲಿ," ಅಂದಳು ಅವಳು. "ಇನ್ನು ಮೇಲೆ ತಾಯೀ ಅನ್ನಬೇಡ."