ನಮ್ಮೂರ ಮಟ್ಟಿಗೆ

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ಒಂದು ಹಂಚಿನ ಮನೆ, ಒಂದು ಬೇವಿನ ಮರ, ಮರದಡಿ ಕುಂಟುವ ಬೆಂಚು, ಬೆಂಚಿನ ಮೇಲೆ ಒಬ್ಬ ಅಜ್ಜ. ಇಷ್ಟು ಸಾಲದು ಅನ್ನುವವರು ಬೇರೆ ಆಶ್ರಮ ನೋಡಿಕೊಳ್ಳಬಹುದು.

ಅಜ್ಜ ಹಾಡುವುದನ್ನು ಕಲಿಸುತ್ತಿರಲಿಲ್ಲ. ಕೇಳುವುದನ್ನು ಕಲಿಸುತ್ತಿದ್ದರು.

ಅವರ ಬಳಿ ಕೊಟ್ರೇಶ ಎಂಬ ಶಿಷ್ಯನಿದ್ದ. ಹಳ್ಳಿಯವನು. ಮಾತಿನಲ್ಲಿ ಯಾರಿಗೂ ಸೋತವನಲ್ಲ.

ವಾರಕ್ಕೊಮ್ಮೆ ಬಸ್ಸು ಹತ್ತಿ ದಾವಣಗೆರೆಗೆ ಹೋಗುತ್ತಿದ್ದ. ಅಲ್ಲಿ ಸಿನಿಮಾ ಹಾಡು ಬಿಟ್ಟು ತಮ್ಮದೇ ಹಾಡು ಕಟ್ಟುವ ಹುಡುಗ ಹುಡುಗಿಯರ ತಂಡಗಳಿದ್ದವು. ಗ್ಯಾರೇಜಿನಲ್ಲಿ, ಮನೆ ಮಾಳಿಗೆಯ ಮೇಲೆ, ಖಾಲಿ ಗೋದಾಮಿನಲ್ಲಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಹಾಡುತ್ತಿದ್ದರು. ಅವರ ಬಗ್ಗೆ ಊರಿನ ವಾರಪತ್ರಿಕೆಗೆ ಬರೆಯುತ್ತಿದ್ದವನು ಕೊಟ್ರೇಶನೊಬ್ಬನೇ.

"ದಾವಣಗೆರೇಲಿ ನನ್ನಂಥ ಕಿವಿ ಇನ್ನೊಂದಿಲ್ಲ ಅಜ್ಜಾರೆ," ಅನ್ನುತ್ತಿದ್ದ.

"ಇನ್ನೊಂದು ಇರಬೇಕಲ್ಲೋ," ಅನ್ನುತ್ತಿದ್ದರು ಅಜ್ಜ. "ಎಡಗಡೆ ಮುಟ್ಟಿ ನೋಡ್ಕೋ."

ಒಂದು ದಿನ ಕೊಟ್ರೇಶ ತಾನು ಬರೆದದ್ದನ್ನು ತಂದು ಗಟ್ಟಿಯಾಗಿ ಓದಿದ. 'ಕಾದ ಮರಳು' ಎಂಬ ತಂಡದ ಬಗ್ಗೆ ಬರೆದಿದ್ದ. ತಂಡದ ಹಾಡುಗಾರ್ತಿ ತಸ್ಮಿಯಾ. ಅವಳ ಅಪ್ಪನದು ಮರಳಿನಲ್ಲಿ ಅಕ್ಕಿ ಹುರಿಯುವ ಮಂಡಕ್ಕಿ ಭಟ್ಟಿ. ಶನಿವಾರ ಸಂಜೆ ಒಲೆ ಆರಿಸಿದ ಮೇಲೆ ತಂಡ ಅಲ್ಲೇ ಹಾಡುತ್ತಿತ್ತು.

"'ತಸ್ಮಿಯಾ ಅವರ ಕಂಠ ನಮ್ಮೂರ ಮಟ್ಟಿಗೆ ಚೆನ್ನಾಗಿದೆ. ಹಾಡುಗಳೂ ನಮ್ಮೂರ ಮಟ್ಟಿಗೆ ಪರವಾಗಿಲ್ಲ.' ಹೆಂಗೈತ್ರಿ ಅಜ್ಜಾರೆ?"

ಅಜ್ಜ ಹೊಳೆಯ ಕಡೆ ನೋಡಿದರು.

"ಹಾಡಿನ ಮಟ್ಟು ಕೇಳ್ಕೊಂಡು ಬಾ ಅಂತ ಕಳಿಸಿದ್ರೆ, ಗಾರೆಯವನ ಹಂಗೆ ಮಟ್ಟ ಹಿಡ್ಕೊಂಡು ಹೋಗಿದ್ದೀಯಲ್ಲೋ."

ಕೊಟ್ರೇಶ ನಕ್ಕ. ಅಜ್ಜ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡ. ಬರಹ ಅಚ್ಚಾಯಿತು.

ಅಚ್ಚಾದ ಮೇಲೆ ಆಶ್ರಮಕ್ಕೆ ಒಬ್ಬ ಬಂದ. ಬಕ್ಕೇಶಿ, ಆ ತಂಡದಲ್ಲಿ ಡ್ರಮ್ಸ್ ಬಾರಿಸುವವನು. ಬೈಕಿನಿಂದ ಇಳಿಯಲೂ ಇಲ್ಲ.

"ಚೆನ್ನಾಗಿ ಬರ್ದಿ ಬಿಡಪ್ಪ. ತಸ್ಮಿಯಾ ಗಿಟಾರು ಅಟ್ಟಕ್ಕೆ ಹಾಕಿದಳು. ಇನ್ನು ಹಾಡಲ್ಲಂತೆ. ಶನಿವಾರ ಜನ ಬಂದ್ರೆ ಒಂದೊಂದು ಸೇರು ಮಂಡಕ್ಕಿ ಕೊಟ್ಟು ಕಳಿಸೋದೇ."

"ನಾನೇನು ಬೈದಿಲ್ಲಲೇ! ಚೆನ್ನಾಗಿದೆ ಅಂತಲೇ ಬರ್ದೀನಿ. ಓದೋಕೆ ಬರಲ್ವಾ ನಿಮಗೆ?"

"ಬರ್ತದೆ. ಅದಕ್ಕೇ ಈ ಕಷ್ಟ," ಅಂದ ಬಕ್ಕೇಶಿ. "ಅವಳಿಲ್ಲ ಅಂದ್ರೆ ತಂಡ ಇಲ್ಲ. ತಿಳ್ಕೋ." ಬೈಕು ತಿರುಗಿಸಿ ಹೋದ.

ಮಧ್ಯಾಹ್ನ ಕೊಟ್ರೇಶ ರೊಟ್ಟಿ ಬಡಿಯುತ್ತಿದ್ದ. ಸಿಟ್ಟಿನಲ್ಲಿ ಸ್ವಲ್ಪ ಜೋರಾಗಿಯೇ ಬಡಿಯುತ್ತಿದ್ದ. ಅಜ್ಜ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು.

"ಕೊಟ್ರಾ, ನಿನ್ನ ಕಿವಿ ಬಗ್ಗೆ ಯೋಚನೆ ಮಾಡ್ತಿದ್ದೆ."

"ಹೇಳ್ರಿ ಅಜ್ಜಾರೆ." ಅವನ ಎದೆ ಒಂದು ಗೇಣು ಮುಂದೆ ಬಂತು.

"ಹಳ್ಳಿ ಹುಡುಗನ ಮಟ್ಟಿಗೆ ಚೆನ್ನಾಗೈತೆ."

ರೊಟ್ಟಿ ಬಡಿಯುವ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

"ಬೈದ್ರಾ ಅಜ್ಜಾರೆ?"

"ಚೆನ್ನಾಗೈತೆ ಅಂದೆನಲ್ಲೋ. ಕೇಳಿಸಲಿಲ್ವಾ?"

ಕೊಟ್ರೇಶ ಅವತ್ತು ಉಣ್ಣಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತ. ಬಿಸಿಲು ಇಳಿಯುವ ಹೊತ್ತಿಗೆ ಒಂದು ಹಾಳೆ ಹಿಡಿದುಕೊಂಡು ಬಂದ.

"ತಿದ್ದಿ ಬರ್ದೀನಿ, ಕೇಳ್ರಿ. 'ಕಾದ ಮರಳು ತಂಡ ಬೆಂಗಳೂರಿನ ಯಾವ ತಂಡಕ್ಕೂ ಕಡಿಮೆಯಿಲ್ಲ.' ಈಗ ಖುಷಿಯಾಗ್ತಾಳೆ."

"ಬೆಂಗಳೂರಿನ ತಂಡಗಳ ಹಾಡು ಕೇಳಿದ್ದೀಯಾ?"

"ಇಲ್ರಿ."

ಅಜ್ಜ ಹಾಳೆ ಇಸಿದುಕೊಂಡರು. ಮಡಚಿದರು. ಇನ್ನೊಂದು ಸಲ ಮಡಚಿದರು. ಬಗ್ಗಿ, ಬೆಂಚಿನ ಕುಂಟು ಕಾಲಿನಡಿ ತುರುಕಿದರು. ಮೇಲೆ ಕೂತು ಅತ್ತಿತ್ತ ಅಲುಗಾಡಿ ನೋಡಿದರು. ಬೆಂಚು ಕುಂಟಲಿಲ್ಲ.

"ಈಗ ಮಟ್ಟ ಆಯ್ತು," ಅಂದರು. "ಬೆಳಗ್ಗೆ ಆ ಹುಡುಗಿ ಹತ್ರ ಹೋಗು."

"ಹೋಗಿ ಏನು ಹೇಳ್ಲಿ?"

"ನೀನ್ಯಾಕೆ ಹೇಳ್ತೀಯ?"

ಮರುದಿನ ಕೊಟ್ರೇಶ ಭಟ್ಟಿಗೆ ಹೋದ. ಬಾಣಲೆಯ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು. ತಸ್ಮಿಯಾ ಮೂಗಿಗೆ ದುಪ್ಪಟ್ಟಾ ಕಟ್ಟಿಕೊಂಡು ಜರಡಿ ಹಿಡಿಯುತ್ತಿದ್ದಳು. ಅವನನ್ನು ನೋಡಿಯೂ ಜರಡಿ ನಿಲ್ಲಿಸಲಿಲ್ಲ.

"ಬರ್ರಿ ಕೊಟ್ರೇಶಣ್ಣ. ನಮ್ಮೂರ ಮಟ್ಟಿಗೆ ಬಿಸಿ ಮಂಡಕ್ಕಿ ಐತೆ. ತಿಂತೀರಾ?"

"ತಪ್ಪು ತಿಳ್ಕೊಂಡಿದ್ದೀಯ ತಂಗಿ. ನಾನು ಹೊಗಳಿಯೇ ಬರ್ದಿದ್ದೆ."

"ಹೌದಾ? ಅವತ್ತು ಕೊನೇಲಿ ಯಾವ ಹಾಡು ಹಾಡಿದೆ, ಹೇಳ್ರಿ?"

ಕೊಟ್ರೇಶ ತಲೆ ಕೆರೆದುಕೊಂಡ.

"ಅಷ್ಟೊತ್ತಿಗೆ ಬಸ್ಸಿತ್ತು."

"ಬಸ್ಸು ಹೆಂಗಿತ್ತು? ನಮ್ಮೂರ ಮಟ್ಟಿಗೆ ಚೆನ್ನಾಗಿತ್ತಾ?"

ಭಟ್ಟಿಯಲ್ಲಿದ್ದವರು ನಕ್ಕರು. ತಸ್ಮಿಯಾ ನಗಲಿಲ್ಲ.

"ಕೆಟ್ಟದಾಗೈತೆ ಅಂತ ಬರ್ದಿದ್ರೆ ನಿಮ್ಮ ಜೊತೆ ಜಗಳ ಆಡ್ತಿದ್ದೆ ಅಣ್ಣ. ಜಗಳ ಆಡಿ ಮತ್ತೆ ಹಾಡ್ತಿದ್ದೆ. ನೀವು ಈ ಊರಿಗೆ ಇಷ್ಟು ಸಾಕು ಅಂದ್ರಿ. ಸಾಕು ಅಂದಮೇಲೆ ಯಾಕೆ ಹಾಡ್ಲಿ?"

ಕೊಟ್ರೇಶ ಕೈಲಿದ್ದ ಪೆನ್ನು ಜೇಬಿಗೆ ಸಿಕ್ಕಿಸಿ ಅಲ್ಲೇ ಒಂದು ಚೀಲದ ಮೇಲೆ ಕೂತ.

ಅವಳು ಜರಡಿ ಹಿಡಿಯುತ್ತಲೇ ಇದ್ದಳು.

ಆಶ್ರಮದ ಕಡೆ ಹೋಗುವ ಬಸ್ಸು ಬಂತು, ಹೋಯಿತು. ಕೊಟ್ರೇಶ ಏಳಲಿಲ್ಲ.

ಒಲೆ ಆರಿತು. ಕೆಲಸದವರು ಕೈಕಾಲು ತೊಳೆದುಕೊಂಡು ಹೋದರು. ಬಾಣಲೆಯಲ್ಲಿ ಮರಳು ಇನ್ನೂ ಬಿಸಿಯಾಗಿತ್ತು. ತಸ್ಮಿಯಾ ದುಪ್ಪಟ್ಟಾ ಬಿಚ್ಚಿ ಕೊಡವಿದಳು. ಗೋಡೆಗೊರಗಿ, ಗಿಟಾರು ಇಲ್ಲದೆ, ಯಾರ ಕಡೆಗೂ ನೋಡದೆ ಒಂದು ಹಾಡು ಹಾಡಿದಳು.

ರಾತ್ರಿಯ ಕೊನೇ ಬಸ್ಸಿಗೆ ಅವನು ಆಶ್ರಮಕ್ಕೆ ಮರಳಿದಾಗ ಅಜ್ಜ ಬೆಂಚಿನ ಮೇಲೇ ಇದ್ದರು.

"ಹಾಡಿದಳಾ?"

"ಹಾಡಿದಳು. ನಾನು ಬಿಟ್ಟು ಬಂದಿದ್ದೆನಲ್ಲ, ಆ ಹಾಡು. ಶನಿವಾರನೂ ಹಾಡ್ತಾಳಂತೆ. 'ಮೊದಲೇ ಬರ್ಕೊಂಡು ಬರಬೇಡ್ರಿ, ಬಂದು ಕೊನೇತನಕ ಕೂತ್ಕೊಳ್ರಿ' ಅಂದಳು."

"ಹೆಂಗಿತ್ತು?"

ಕೊಟ್ರೇಶ ಹೊಳೆಯ ಕಡೆ ನೋಡಿದ.

"ಹಾಡಿನ ನಡುವೆ ಒಂದು ಕಡೆ ಅವಳು ಉಸಿರು ಬಿಗಿ ಹಿಡೀತಾಳೆ ಅಜ್ಜಾರೆ. ಸುಮ್ನೆ ಕೂತ ನನಗೂ ಉಸಿರು ಬಿಡೋಕಾಗಲಿಲ್ಲ. ಅವಳು ಬಿಟ್ಟ ಮೇಲೇ ಬಿಟ್ಟೆ."

ಅಜ್ಜ ಬಗ್ಗಿ ಬೆಂಚಿನ ಕಾಲಿನಡಿಯ ಹಾಳೆ ಎಳೆದರು. ಮಣ್ಣು ಕೊಡವಿ ಅವನ ಕೈಗೆ ಕೊಟ್ಟರು.

"ಹಿಂದುಗಡೆ ಖಾಲಿ ಐತೆ. ಅದನ್ನೇ ಬರಿ."

ಕೊಟ್ರೇಶ ಬರೆದ. ಉಸಿರಿನ ಮಾತು ಬರೆದ. ಶನಿವಾರ ಸಂಜೆ, ಮಂಡಕ್ಕಿ ಭಟ್ಟಿ ಅಂತ ಬರೆದ. ಅಲ್ಲಿಗೆ ಪೆನ್ನು ನಿಂತಿತು.

"ಅಜ್ಜಾರೆ, ಚೆನ್ನಾಗೈತೋ ಇಲ್ವೋ ಅಂತ ಬರೀಲೇ ಇಲ್ಲ. ಜನ ಕೇಳ್ತಾರೆ."

ಅಜ್ಜ ಕುಂಟುವ ಬೆಂಚಿನ ಮೇಲೆ ಕೂತರು.

"ಕೇಳ್ಲಿ ಬಿಡು."